ಮಂಡಿ ಆಪರೇಷನ್ ಆದವರು ಸದ್ಯಕ್ಕೆ ಮರಳಿಗೆ ಇಳಿಯಬೇಡಿ

ಬೆಳಗಿನ ವಾಕಿಂಗ್ ಗುಂಪಿನವರಿಗೆ ನಮಸ್ಕಾರ. ನಮ್ಮಲ್ಲಿ ಇಬ್ಬರು ಮಂಡಿ ಬದಲಿಸಿಕೊಂಡು 6 ವಾರ ಆಯ್ತು, ಟಾಗೋರ್ ಬೀಚಿಗೆ ಬರಬಹುದಾ ಎಂದು ಕೇಳಿದ್ದಾರೆ. ಡಾಕ್ಟರ್ ಹೂಂ ಅಂದಿದ್ದರೆ ಬನ್ನಿ, ಆದರೆ ಗಟ್ಟಿ ದಾರಿಯಲ್ಲೇ ನಡೆಯಿರಿ. ಮರಳಲ್ಲಿ ಹೆಜ್ಜೆ ಹೂತು ಕಾಲು ತಿರುಚುತ್ತದೆ.

ಕೋಲು ಆಪರೇಷನ್ ಆಗದ ಕಾಲಿನ ಕಡೆಯ ಕೈಯಲ್ಲಿರಲಿ. ನಾನೇ ಎರಡು ವಾರ ಉಲ್ಟಾ ಹಿಡಿದು ಓಡಾಡಿದ್ದೆ! ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ಸಂಜೆ ಮಂಡಿ ಸ್ವಲ್ಪ ಊದಿದರೆ ಗಾಬರಿ ಬೇಡ, ಕೆಲವು ತಿಂಗಳು ಹಾಗೇ ಇರುತ್ತದೆ. ಕಾಲು ಎತ್ತರಕ್ಕಿಟ್ಟು, ಟವೆಲ್ಲಿನಲ್ಲಿ ಸುತ್ತಿದ ಐಸ್ ಇಡಿ. ಆದರೆ ಮೀನಖಂಡ ಊದಿ ನೋಯುತ್ತಿದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ, ರಕ್ತ ಹೆಪ್ಪುಗಟ್ಟಿರಬಹುದು.

ನಾಳೆ 6.30ಕ್ಕೆ ಬನ್ನಿ. ನಿಮ್ಮ ಜೊತೆ ನಿಧಾನಕ್ಕೆ ನಡೆಯಲು ನಾನಿದ್ದೇನೆ.