ಲೇಟಾಗಿ ಬಂದಿದ್ದು ನಾವಲ್ಲ

ಸಂಪಾದಕರಿಗೆ,

ಮಾನ್ಯರೇ,

ಗುರುವಾರದ ನಿಮ್ಮ ಪತ್ರಿಕೆಯಲ್ಲಿ ‘ಚಿಕಿತ್ಸೆಗೆ ಏಡ್ಸ್ ರೋಗಿ ಪರದಾಟ’ ಎಂಬ ಸುದ್ದಿ ಓದಿದೆ. ಆ ರೋಗಿ ನನ್ನ ಭಾವ. ಪರದಾಡಿದ್ದು ನಾನು ಮತ್ತು ನನ್ನ ಅಕ್ಕ. ಸುದ್ದಿ ಹಾಕಿದ್ದಕ್ಕೆ ಥ್ಯಾಂಕ್ಸ್. ಆದರೆ ಕೊನೆಯ ಪ್ಯಾರಾದಲ್ಲಿ ‘ರೋಗಿಯನ್ನು ತಡವಾಗಿ ಕರೆತಂದಿದ್ದರು’ ಅಂತ ಆಸ್ಪತ್ರೆಯವರ ಸ್ಪಷ್ಟನೆ ಹಾಕಿದ್ದೀರಲ್ಲ, ಅದನ್ನು ಓದಿದ ಮೇಲೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ತಡ ಮಾಡಿದ್ದು ಯಾರು? ಸೋಮವಾರ ಬೆಳಿಗ್ಗೆ 6:10. ಸಮಯ ಇಷ್ಟು ಸರಿಯಾಗಿ ಹೇಗೆ ಗೊತ್ತು ಅಂದರೆ, ನಮ್ಮ ಬೀದಿಗೆ ವಾರಕ್ಕೆ ಎರಡೇ ದಿನ ನೀರು ಬಿಡೋದು, ಅದೂ 6 ಗಂಟೆಗೆ. ಅಕ್ಕ ಮೂರನೇ ಕೊಡ ಹಿಡಿಯುತ್ತಿದ್ದಳು. ಭಾವ ಜಗಲಿ ಮೇಲೆ ಟೀ ಕುಡಿಯುತ್ತಿದ್ದರು. ಬಲಗೈಯಿಂದ ಲೋಟ ಜಾರಿತು. ‘ಯಾಕ್ರೀ’ ಅಂದರೆ ಉತ್ತರ ಇಲ್ಲ, ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. 6:40ಕ್ಕೆ ಆಟೋ ಆಸ್ಪತ್ರೆ ಗೇಟಿನಲ್ಲಿತ್ತು. ಒಂದೂವರೆ ಕಿಲೋಮೀಟರಿಗೆ ಇಷ್ಟು ಹೊತ್ತು ಯಾಕೆ ಅಂತ ಕೇಳಬೇಡಿ. ಒಳಚರಂಡಿ ಪೈಪಿಗೆ ಅಗೆದ ರಸ್ತೆ ಹೋದ ವರ್ಷದಿಂದ ಹಾಗೇ ಬಾಯಿ ತೆರೆದುಕೊಂಡಿದೆ, ನಿಮಗೂ ಗೊತ್ತು.

ಡ್ಯೂಟಿ ಡಾಕ್ಟರ್ ಒಳ್ಳೆಯ ಹುಡುಗ. ಕೈಕಾಲು ಎತ್ತಿಸಿ ನೋಡಿ, ‘ಸ್ಟ್ರೋಕ್ ಆಗಿದೆ, ಅಂದರೆ ಲಕ್ವ, ಮೊದಲು ಸಿಟಿ ಸ್ಕ್ಯಾನ್ ಮಾಡಿಸಿ’ ಅಂದರು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಅಕ್ಕ ಪಾಪ, ಡಾಕ್ಟರ ಹತ್ತಿರ ಮುಚ್ಚಿಡಬಾರದು ಅಂತ ಬ್ಯಾಗಿನಿಂದ ಎಆರ್‌ಟಿ ಪುಸ್ತಕ, ಅಂದರೆ ಎಚ್‌ಐವಿ ಚಿಕಿತ್ಸೆಯ ಪುಸ್ತಕ, ತೆಗೆದುಕೊಟ್ಟಳು. ಸ್ಟ್ರೆಚರ್ ಹಿಡಿದಿದ್ದವನು ಕೈಬಿಟ್ಟ. ಒಬ್ಬರು ಕೇಸ್‌ಶೀಟಿನ ನೆತ್ತಿಯ ಮೇಲೆ ಕೆಂಪು ಮಾರ್ಕರಿನಲ್ಲಿ ‘ಎಚ್‌ಐವಿ’ ಅಂತ ಬರೆದು ಮಂಚಕ್ಕೆ ನೇತುಹಾಕಿದರು. ಮದುವೆ ಮನೆ ಬೋರ್ಡಿಗೂ ಅಷ್ಟು ದಪ್ಪ ಅಕ್ಷರ ಬರೆಯಲ್ಲ. ವಾರ್ಡಿನವರೆಲ್ಲ ಓದಿದರು, ಬಾಳೆಹಣ್ಣು ಮಾರುವವನೂ ಓದಿದ.

ಸ್ಕ್ಯಾನ್ ರೂಮಿನವರು ಬಂದಿದ್ದು 9 ಗಂಟೆಗೆ. ಬಂದು ಹೇಳಿದ್ದು, ‘ಇವರದ್ದು ಕೊನೆಗೆ ಮಾಡ್ತೀವಿ, ಆಮೇಲೆ ರೂಮ್ ತೊಳೀಬೇಕಾಗುತ್ತೆ.’ ಅಲ್ಲ ಸ್ವಾಮಿ, ತಲೆಯ ಸ್ಕ್ಯಾನ್ ಅಂದರೆ ಒಂದು ಫೋಟೋ. ಸೂಜಿ ಇಲ್ಲ, ರಕ್ತ ಇಲ್ಲ. ಕೋರ್ಟ್ ಎದುರು ನನ್ನ ಜೆರಾಕ್ಸ್ ಅಂಗಡಿ ಇದೆ, ಪಾಸ್‌ಪೋರ್ಟ್ ಸೈಜ್ ಫೋಟೋನೂ ತೆಗೀತೀನಿ. ಇವತ್ತಿನವರೆಗೆ ಯಾರ ಬ್ಲಡ್ ರಿಪೋರ್ಟೂ ಕೇಳಿಲ್ಲ. ಗ್ಲೌಸ್ ಇಲ್ಲ ಅಂದರು. ನಾನೇ ಮೆಡಿಕಲ್ ಸ್ಟೋರಿಗೆ ಓಡಿ ಒಂದು ಡಬ್ಬ ತಂದುಕೊಟ್ಟೆ. ಉಳಿದ ಗ್ಲೌಸ್ ವಾಪಸ್ ಕೇಳಿಲ್ಲ, ದಾನ ಅಂದುಕೊಳ್ಳಿ.

ಆಮೇಲೆ ಆಧಾರ್ ಮತ್ತು ರೇಷನ್ ಕಾರ್ಡಿನ ಜೆರಾಕ್ಸ್, ಮೂರು ಮೂರು ಸೆಟ್. ಇಪ್ಪತ್ತು ವರ್ಷ ಜೆರಾಕ್ಸ್ ಅಂಗಡಿ ಇಟ್ಟವನು ಜೆರಾಕ್ಸಿಗೆ ಬೀದಿ ಬೀದಿ ಅಲೆದೆ. ಒಂದು ಕಾಪಿಗೆ 5 ರೂಪಾಯಿ ಕಿತ್ತುಕೊಂಡರು. ಗಾಡಿ ಪಾರ್ಕಿಂಗಿನವನು ಒಳಗೆ ಹೋದಾಗಲೆಲ್ಲ 10 ರೂಪಾಯಿ ಚೀಟಿ ಹರಿದ. ವಾರ್ಡ್ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಹೋಯಿತು. ಅಂಗಡಿ ಮೂರು ದಿನ ಮುಚ್ಚಿದೆ. ಸ್ಕ್ಯಾನಿನಲ್ಲಿ ರಕ್ತಸ್ರಾವ ಇಲ್ಲ, ಹೆಪ್ಪುಗಟ್ಟಿದೆ ಅಂತ ಗೊತ್ತಾಗಿ, ‘ಪಾಸಿಟಿವ್ ಕೇಸಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲ್ಲ, ಹೈಯರ್ ಸೆಂಟರಿಗೆ ಹೋಗಿ’ ಅಂತ ರೆಫರ್ ಚೀಟಿ ಕೈಗೆ ಬಂದಾಗ 10:55.

ಆ ‘ಹೈಯರ್ ಸೆಂಟರ್’ ಇರುವುದು 60 ಕಿಲೋಮೀಟರ್ ದೂರದಲ್ಲಿ. ಅಲ್ಲಿನ ಲೇಡಿ ಡಾಕ್ಟರ್ ಮೊದಲು ಕೇಳಿದ್ದೇ, ‘ಎಷ್ಟು ಗಂಟೆಗೆ ಶುರುವಾಯಿತು?’ ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ಅಂದರೆ 10:40ರೊಳಗೆ. ಎಚ್‌ಐವಿ ಇದೆ ಅನ್ನುವ ಒಂದೇ ಕಾರಣಕ್ಕೆ ಅದನ್ನು ಕೊಡಬಾರದು ಅಂತ ಎಲ್ಲೂ ಇಲ್ಲವಂತೆ. ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತು ಬೆರಳು ಮಡಚಿ ಲೆಕ್ಕ ಹಾಕಿದೆ. 6:40ರಿಂದ 10:40, ನಾಲ್ಕು ಗಂಟೆ. ನಾಲ್ಕು ಗಂಟೆ ಭಾವ ಆಸ್ಪತ್ರೆಯ ಒಳಗೇ ಇದ್ದರು. ತಡವಾಗಿ ಕರೆತಂದರಂತೆ!

ಇನ್ನೊಂದು ವಿಷಯ. ‘ಆ ಕಾಯಿಲೆಗೂ ಲಕ್ವಕ್ಕೂ ಏನು ಸಂಬಂಧ, ಇವರೇನೋ ಮುಚ್ಚಿಡ್ತಿದ್ದಾರೆ’ ಅಂತ ಬೀದಿಯಲ್ಲಿ ಮಾತು. ಒಬ್ಬರು ಪಾರಿವಾಳದ ರಕ್ತ ಹಚ್ಚಿ ಅಂತ ಪಾರಿವಾಳ ಹಿಡಿದುಕೊಂಡೇ ಬಂದರು. ಸಂಬಂಧ ಇದೆ. ಆ ಡಾಕ್ಟರಮ್ಮ ನಮಗೆ ಬಿಡಿಸಿ ಹೇಳಿದರು. ಎಚ್‌ಐವಿ ಇದ್ದವರಿಗೆ ಲಕ್ವದ ಅಪಾಯ ಬೇರೆಯವರಿಗಿಂತ ಜಾಸ್ತಿ. ಮಾತ್ರೆ ಸರಿಯಾಗಿ ನುಂಗಿ, ವೈರಸ್ ಟೆಸ್ಟಿನಲ್ಲಿ ಕಾಣದಷ್ಟು ಇಳಿದಿದ್ದರೂ ಮೈಯೊಳಗೆ ಬೂದಿ ಮುಚ್ಚಿದ ಕೆಂಡದ ಹಾಗೆ ಉರಿಯೂತ ಇದ್ದೇ ಇರುತ್ತದೆ. ರಕ್ತನಾಳದ ಒಳಗೋಡೆ ಬೇಗ ಹಾಳಾಗಿ ಕೊಬ್ಬು ಕಟ್ಟುತ್ತದೆ. ಹಿಂದಿನ ಕೆಲವು ಮಾತ್ರೆಗಳಿಂದ ಕೊಲೆಸ್ಟ್ರಾಲೂ ಏರುತ್ತಿತ್ತು. ಚಿಕಿತ್ಸೆ ಇಲ್ಲದೆ ಸೊರಗಿದವರಿಗೆ ಬೇರೆ ದಾರಿಯಿಂದಲೂ ಬರಬಹುದು: ಮೆದುಳಿನ ಪೊರೆಗೆ ಟಿಬಿ, ಫಂಗಸ್, ಸಿಫಿಲಿಸ್, ಸರ್ಪಸುತ್ತಿನ ವೈರಸ್. ಹಾಗಾಗಿ ಎಚ್‌ಐವಿ ಅಂತ ಗೊತ್ತಾದರೆ ಇನ್ನೂ ಹತ್ತಿರ ಬಂದು ನೋಡಬೇಕು. ನಮ್ಮಲ್ಲಿ ಬಾಗಿಲ ಆಚೆ ನಿಂತು ನೋಡಿದರು.

ಕೊಲೆಸ್ಟ್ರಾಲ್ ಇಳಿಸುವ ಪಿಟಾವಾಸ್ಟಾಟಿನ್ ಮಾತ್ರೆಯನ್ನು 12 ದೇಶಗಳಲ್ಲಿ, ನಮ್ಮ ದೇಶವೂ ಸೇರಿ, ಎಚ್‌ಐವಿ ಇರುವ 40ರಿಂದ 75 ವರ್ಷದ 7,769 ಜನರಲ್ಲಿ ಪರೀಕ್ಷೆ ಮಾಡಿದ್ದಾರಂತೆ. ಹೃದಯಾಘಾತ, ಲಕ್ವದಂಥ ಅನಾಹುತಗಳು ಶೇ 35ರಷ್ಟು ಕಡಿಮೆಯಾದವು ಅಂತ 2023ರಲ್ಲೇ ಹೊರಬಂದಿದೆ. ಭಾವನಿಗೆ 46. ಒಂಬತ್ತು ವರ್ಷದಿಂದ ಒಂದು ತಿಂಗಳೂ ತಪ್ಪದೆ ಸಾಲಿನಲ್ಲಿ ನಿಂತು ಎಚ್‌ಐವಿ ಮಾತ್ರೆ ತಂದಿದ್ದಾರೆ. ಪುಸ್ತಕ ತಿರುವಿ ನೋಡಿದೆ. ತೂಕ ಬರೆದಿದ್ದಾರೆ, ಎಷ್ಟು ಮಾತ್ರೆ ಕೊಟ್ಟರು ಅಂತ ಬರೆದಿದ್ದಾರೆ. ಬಿಪಿ ಅಂತ ಬರೆದಿದ್ದು ಎರಡೇ ಕಡೆ. ಭಾವ ಹೊಗೆಸೊಪ್ಪು ಹಾಕುತ್ತಿದ್ದರು, ಸುಳ್ಳು ಯಾಕೆ ಹೇಳಲಿ. ಬಿಡಿ ಅಂತ ಅಲ್ಲಿ ಯಾರಾದರೂ ಗದರಿಸಿದ್ದರೆ ಬಿಡುತ್ತಿದ್ದರೋ ಏನೋ. ನಾವು ಹೇಳಿದರೆ ಕೇಳಲಿಲ್ಲ.

ನನ್ನ ಅಂಗಡಿಗೆ ಬರುವ ಲಾಯರ್ ಒಬ್ಬರು 2017ರ ಎಚ್‌ಐವಿ ಕಾಯ್ದೆಯ ಪ್ರಿಂಟ್ ತೆಗೆಸಿದರು. ದುಡ್ಡು ಕೊಟ್ಟರು, ನಾನೇ ಬೇಡ ಅಂದೆ. ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವ ಹಾಗಿಲ್ಲ. 20 ಜನ ಅಥವಾ ಜಾಸ್ತಿ ಸಿಬ್ಬಂದಿ ಇರುವ ಆಸ್ಪತ್ರೆಯಲ್ಲಿ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು. ಕಾಯ್ದೆ ಮುರಿದರೆ ದೂರು ವಿಚಾರಿಸಲು ರಾಜ್ಯ ಸರ್ಕಾರ ಓಂಬುಡ್ಸ್‌ಮನ್ ನೇಮಿಸಬೇಕು, ತುರ್ತು ಕೇಸಾದರೆ ಆತ ಆದಷ್ಟು ಮಟ್ಟಿಗೆ 24 ಗಂಟೆಯೊಳಗೆ ಆದೇಶ ಕೊಡಬೇಕು. 2018ರ ಸೆಪ್ಟೆಂಬರಿನಿಂದ ಇದು ಜಾರಿಯಲ್ಲಿದೆ. ಆಸ್ಪತ್ರೆ ಆಫೀಸಿಗೆ ಹೋಗಿ ‘ಓಂಬುಡ್ಸ್‌ಮನ್ ಯಾರು ಸರ್’ ಅಂತ ಕೇಳಿದೆ. ‘ಅದು ಬ್ಯಾಂಕಿನದ್ದಲ್ವಾ’ ಅಂದರು. ದೂರು ಅಧಿಕಾರಿ? ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ.’

ಈ ಮೀಟಿಂಗ್ ನನಗೆ ಹೊಸದಲ್ಲ. ಅಂಗಡಿ ಮುಂದಿನ ಚರಂಡಿ ಸ್ಲ್ಯಾಬ್ ಒಡೆದಾಗಲೂ ಸಾಹೇಬರು ಮೀಟಿಂಗಿನಲ್ಲೇ ಇದ್ದರು. ಅಮ್ಮನ ಪಿಂಚಣಿ ನಿಂತಾಗ ತಾಲ್ಲೂಕು ಕಚೇರಿಯಲ್ಲಿ ಆರು ತಿಂಗಳು ಅದೇ ಮೀಟಿಂಗ್ ನಡೆಯಿತು. ಅಷ್ಟರಲ್ಲಿ ಅಮ್ಮನೇ ಹೋದಳು, ಆಮೇಲೆ ಪಿಂಚಣಿ ಮಂಜೂರಾದ ಪತ್ರ ಬಂತು. ಜನಸ್ಪಂದನದಲ್ಲಿ ಅರ್ಜಿ ಕೊಟ್ಟೆ. ನಗುತ್ತಾ ತಗೊಂಡರು, ಫೋಟೋ ತೆಗೆಸಿಕೊಂಡರು. ಆ ಫೋಟೋ ನಿಮ್ಮ ಪತ್ರಿಕೆಯಲ್ಲೇ ಬಂದಿತ್ತು.

ನಿಮಗೂ ಒಂದು ಮಾತು. ಹೆಸರು ಹಾಕಿಲ್ಲ ಅಂತ ಬೀಗಬೇಡಿ. ‘ಇದೇ ಬೀದಿಯ 46 ವರ್ಷದ ಟೈಲರ್’ ಅಂತ ಬರೆದಿದ್ದೀರಿ. ಆ ಬೀದಿಯಲ್ಲಿ ಇರೋದೇ ಇಬ್ಬರು ಟೈಲರು, ಇನ್ನೊಬ್ಬರಿಗೆ 70 ದಾಟಿದೆ. ಶುಕ್ರವಾರ ಬೆಳಿಗ್ಗೆ ಮೂವರು ಹೆಂಗಸರು ಬಂದು ಹೊಲಿಯದ ಬ್ಲೌಸ್ ಪೀಸು ವಾಪಸ್ ತಗೊಂಡು ಹೋದರು. ಒಬ್ಬಾಕೆ ಅದನ್ನು ಕವರಿನಲ್ಲಿ ಹಾಕಿಕೊಡಿ ಅಂದರಂತೆ, ಕೈಯಲ್ಲಿ ಮುಟ್ಟಲಿಲ್ಲವಂತೆ. ಭಾವ ಗೋಡೆ ಕಡೆ ತಿರುಗಿ ಮಲಗಿದ್ದರು. ಕತ್ತರಿ ಹಿಡಿಯುವ ಬಲಗೈಯಲ್ಲಿ ಈಗ ಚಮಚವೂ ನಿಲ್ಲಲ್ಲ.

ಆ ಸ್ಪಷ್ಟನೆ ಕೊಟ್ಟವರು ನಮ್ಮ ಮನೆಗೆ ಬಂದು ಅಕ್ಕನ ಹತ್ತಿರ ಕ್ಷಮೆ ಕೇಳಬೇಕು. ಬೇಡ, ಬರೋದೇ ಬೇಡ, ಬಂದರೆ ನಾವು ಟೀ ಬೇರೆ ಮಾಡಬೇಕು. ಸಂಬಂಧಪಟ್ಟವರು ಏನಾದರೂ ಮಾಡಲಿ. ಸ್ಕ್ಯಾನ್ ರೂಮಿಗೆ ರಾತ್ರಿಯೂ ಜನ ಹಾಕಲಿ, ಇಲ್ಲವೇ ಸ್ಟ್ರೋಕ್ ಆಗೋದು ಇನ್ನು ಮುಂದೆ 9ರ ಮೇಲೇ ಅಂತ ಗೇಟಿಗೆ ಬೋರ್ಡ್ ಹಾಕಲಿ. ಕೆಂಪು ಮಾರ್ಕರ್ ಹೇಗೂ ಇದೆ.

ನನ್ನ ಹೆಸರು, ವಿಳಾಸ ಅಚ್ಚು ಹಾಕಬೇಡಿ. ನೀವು ಆಗಲೇ ಹಾಕಿರೋದೇ ಸಾಕು.

ಇಂತಿ,
ಜೆರಾಕ್ಸ್ ಅಂಗಡಿಯವನು