ಟಾರ್ಚು ಮಗುವಿನ ಕೈಯಲ್ಲೇ ಇರಲಿ

ಮಾನ್ಯ ಸಂಪಾದಕರೇ,

ಎಳೆಯ ಮಕ್ಕಳಿಗೆ ಮೊಬೈಲ್ ಕೊಡಬೇಡಿ ಎಂಬ ಪತ್ರಗಳು ನಿಮ್ಮ ಅಂಕಣದಲ್ಲಿ ಆಗಾಗ ಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಅದನ್ನೇ: ಎರಡು ತುಂಬುವವರೆಗೆ ಪರದೆ ಬೇಡ, ಆಮೇಲೆ ನಾಲ್ಕರವರೆಗೆ ದಿನಕ್ಕೆ 1 ಗಂಟೆ ಮೀರಬಾರದು. ಒಪ್ಪೋಣ. ಆದರೆ ಮೊಬೈಲ್ ಕಿತ್ತುಕೊಂಡ ಮೇಲೆ ಆ ಕೈಗೆ ಏನು ಕೊಡಬೇಕು ಅಂತ ಯಾರೂ ಬರೆಯುವುದಿಲ್ಲ. ನಾನು ಕೊಡುವುದು ಟಾರ್ಚು.

ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ಮಗಳು, ಅಳಿಯ ಕೆಲಸದಿಂದ ಬರುವವರೆಗೆ ಎರಡೂವರೆ ವರ್ಷದ ಮೊಮ್ಮಗಳು ನನ್ನ ಪಾಲಿಗೆ. ಸಂಜೆ ಕೋಣೆಯ ದೀಪ ಆರಿಸಿ, ಬಾಗಿಲು ಅರ್ಧ ತೆರೆದಿಟ್ಟು (ಪೂರ್ತಿ ಕತ್ತಲೆಗೆ ಅವಳು ಒಪ್ಪುವುದಿಲ್ಲ, ನಾನೂ ಬಲವಂತ ಮಾಡುವುದಿಲ್ಲ) ಬಿಳಿ ಗೋಡೆಯೆದುರು ಕೂರುತ್ತೇವೆ. ಸಾಮಾನು ಎಂದರೆ ಒಂದು ಬಾಚಣಿಗೆ, ಒಂದು ಜರಡಿ, ನೀರು ತುಂಬಿದ ಗಾಜಿನ ಲೋಟ. ಬಾಚಣಿಗೆಯನ್ನು ಟಾರ್ಚಿನ ಸಮೀಪ ತಂದಳು, ನೆರಳು ಗೋಡೆ ತುಂಬಿತು. ಗೋಡೆಯತ್ತ ಒಯ್ದಳು, ಕುಗ್ಗಿ ಅದರ ಅಳತೆಗೇ ಬಂತು. "ತಾತಾ, ಬಾಚಣಿಗೆ ಬೆಳೀತು!" ಇದನ್ನೇ ನಾನು ಎಂಟನೇ ತರಗತಿಗೆ ಬೋರ್ಡಿನ ಮೇಲೆ ಕಿರಣಗಳ ಚಿತ್ರ ಬರೆದು ಹೇಳುತ್ತಿದ್ದೆ, ಅರ್ಧ ತರಗತಿ ಆಕಳಿಸುತ್ತಿತ್ತು. ಲೋಟದ ನೆರಳಿನ ನಡುವೆ ಬೆಳಕಿನ ಗೀರು ಬೀಳುತ್ತದೆ, ನೀರು ತುಂಬಿದ ಲೋಟ ಮಸೂರದಂತೆ ಬೆಳಕನ್ನು ಒಟ್ಟುಗೂಡಿಸುವುದರಿಂದ. ಅದನ್ನು ಹಿಡಿಯಲು ಅವಳು ಗೋಡೆಗೆ ಕೈ ಒತ್ತುತ್ತಾಳೆ. ಆಗ ಗೀರು ಅವಳ ಕೈಮೇಲೆ.

ದೊಡ್ಡವರು ಬಂದರೆ ಮಾತ್ರ ಆಟ ಕೆಡುತ್ತದೆ. ನನ್ನ ಅಳಿಯನಿಗೆ ಬೆರಳಿನಲ್ಲಿ ಜಿಂಕೆ ಮಾಡುವುದು ಬಹಳ ಚೆನ್ನಾಗಿ ಬರುತ್ತದೆ, ಅದನ್ನು ತೋರಿಸಲೆಂದೇ ಟಾರ್ಚು ಕಸಿದುಕೊಳ್ಳುತ್ತಾರೆ. ಜಿಂಕೆ ಚೆಂದವೇ. ಆದರೆ ಮಗು ಮತ್ತೆ ಸುಮ್ಮನೆ ಕೂತು ನೋಡುವ ಪ್ರೇಕ್ಷಕಿಯಾಯಿತು. ಹಾಗಾದರೆ ಮೊಬೈಲೇ ಏನು ತಪ್ಪು ಮಾಡಿತ್ತು? ತಾನು ಕೈ ಆಡಿಸಿದರೆ ಗೋಡೆಯ ಮೇಲಿನದೂ ಆಡುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ ಎಂಬುದನ್ನು ಮಗು ತಾನೇ ಮಾಡಿ ನೋಡಬೇಕು.

ಇನ್ನು "ನೆರಳು ಹೇಗೆ ಬಂತು ಹೇಳು ಪುಟ್ಟಿ" ಎಂಬ ಪರೀಕ್ಷೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1920ರ ದಶಕದಲ್ಲೇ ಮಕ್ಕಳಿಗೆ ಈ ಪ್ರಶ್ನೆ ಕೇಳಿದ್ದರು. ಐದರ ಆಸುಪಾಸಿನ ಮಕ್ಕಳೂ ನೆರಳನ್ನು ಒಂದು ವಸ್ತು ಎಂದೇ ಭಾವಿಸಿದ್ದರು, ಅದು ಹೊರಗಿನ ಕತ್ತಲೆಯಿಂದ ಬರುತ್ತದೆ ಎಂದವರೂ ಇದ್ದರು. ಎರಡೂವರೆಯ ಕೂಸಿನಿಂದ ಉತ್ತರ ಬಯಸುವುದು ನಮ್ಮ ಆತುರ ಅಷ್ಟೇ.

ಟಾರ್ಚು ಕೊಳ್ಳುವವರಿಗೆ ಒಂದು ಮಾತು. ಮುಂಭಾಗದಲ್ಲಿ ಏಳೆಂಟು ಪುಟ್ಟ ಎಲ್‌ಇಡಿಗಳಿರುವ ಟಾರ್ಚಿನಲ್ಲಿ ಒಂದೇ ವಸ್ತುವಿಗೆ ಹಲವು ನೆರಳುಗಳು ಬಿದ್ದು, ಒಂದರ ಮೇಲೊಂದು ಕಲಸಿ ಅಂಚು ಮಸುಕಾಗುತ್ತದೆ. ಒಂದೇ ಎಲ್‌ಇಡಿ ಇರುವುದನ್ನು ಆರಿಸಿ, ಬೆಳಕು ತೀರಾ ಪ್ರಖರವಾಗಿರದಿರಲಿ. ಲೇಸರ್ ಬೆಳಕನ್ನು ಮಕ್ಕಳ ಹತ್ತಿರವೂ ತರಬೇಡಿ, ಕಣ್ಣಿನ ಅಕ್ಷಿಪಟಲಕ್ಕೆ ಪೆಟ್ಟಾಗಬಹುದು. ಗುಂಡಿಯಂಥ ಚಪ್ಪಟೆ ಬ್ಯಾಟರಿ ಹಾಕುವ ಪುಟಾಣಿ ಟಾರ್ಚುಗಳೂ ಬೇಡ. ನುಂಗಿದ ಅಂಥ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡಬಲ್ಲದು. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇರುವುದನ್ನೇ ಕೇಳಿ ಪಡೆಯಿರಿ.

— ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ