ಮಗಳಿಗೊಂದು ಪತ್ರ: ಊಟಕ್ಕೆ ಹೆದರಬೇಡ ಅವ್ವಾ

ಮಗಳೇ,

ಫೋನಿನಲ್ಲಿ ನಿನ್ನ ಊಟದ ಮಾತು ಎತ್ತಿದರೆ "ಆಯ್ತು ಅವ್ವ, ಕ್ಲಾಸ್ ಇದೆ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪುರುಸೊತ್ತು ಸಿಕ್ಕಾಗ ಓದು. ಒಂದೇ ಸಲಕ್ಕೆ ಓದಿ ಮುಗಿಸಬೇಕು ಅಂತೇನೂ ಇಲ್ಲ.

ಆರೋಗ್ಯ ಚೆನ್ನಾಗಿಟ್ಟುಕೊಳ್ಳಬೇಕು ಅಂತ ನೀನು ಹೊರಟಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅಂಗನವಾಡಿಯಲ್ಲಿ ಕೂತು ಸೊಪ್ಪು ತಿನ್ನಿ, ಮೊಳಕೆ ಕಾಳು ತಿನ್ನಿ ಅಂತ ದಿನಾ ತಾಯಂದಿರಿಗೆ ಹೇಳುವವಳು ನಾನೇ. ನೀನು ಸಕ್ಕರೆ ಕಡಿಮೆ ಮಾಡಿದೆ. ಗಾಡಿ ಮೇಲಿನ ಮಿರ್ಚಿ ಭಜಿ ಬಿಟ್ಟೆ. ಬೆಳಗ್ಗೆ ವಾಕಿಂಗ್ ಶುರು ಮಾಡಿದೆ. ಎಲ್ಲ ಒಳ್ಳೆಯದೇ. ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ ಅಲ್ವಾ? ಮೊದಲು ಸಕ್ಕರೆ ಹೋಯಿತು, ಆಮೇಲೆ ಮೈದಾ, ಆಮೇಲೆ ಅನ್ನ, ಹಾಲು, ಎಣ್ಣೆ. ಈಗ ಹಾಸ್ಟೆಲ್ ಮೆಸ್ಸಿನ ಬ್ಯಾಳಿಯೂ ಬೇಡ, ಯಾವ ಎಣ್ಣೆಯಲ್ಲಿ ಒಗ್ಗರಣೆ ಹಾಕಿದ್ದಾರೋ ಏನೋ ಅಂತ. ನಿನ್ನ ಪಟ್ಟಿಯಿಂದ ಒಂದೊಂದೇ ಬಿಟ್ಟುಹೋಗುತ್ತಿದೆ. ಹೊಸದಾಗಿ ಸೇರಿದ್ದು ಒಂದೂ ಇಲ್ಲ.

ಎಳ್ಳಮಾವಾಸ್ಯೆಗೆ ಬಂದಾಗ ಸುತ್ತ ಜನ ಇದ್ದರು ಅಂತ ನಾನು ಏನೂ ಕೇಳಲಿಲ್ಲ. ಚರಗ ಚೆಲ್ಲಿ ಬಂದು ಎಲ್ಲರೂ ಹೊಲದಲ್ಲಿ ಸಾಲಾಗಿ ಊಟಕ್ಕೆ ಕೂತಿದ್ದೆವು. ಆಯಿ ನಿನ್ನ ತಟ್ಟೆಗೆ ಸಜ್ಜೆ ರೊಟ್ಟಿ, ಕಾಳು ತರಕಾರಿ ಕೂಡಿಸಿ ಬೇಯಿಸಿದ ಭಜ್ಜಿ, ತುಂಬಿದ ಬದನೆಕಾಯಿ ಹಾಕಿದಳು. ನೀನು ಟಿಶ್ಯೂ ಪೇಪರ್ ತೆಗೆದು ಬದನೆಕಾಯಿ ಮೇಲೆ ಒತ್ತಿದೆ. ಎಣ್ಣೆ ಹೀರಿಕೊಂಡ ಮೇಲೆ ಇನ್ನೊಂದು ಟಿಶ್ಯೂ ತೆಗೆದೆ. ಭಜ್ಜಿಯಲ್ಲಿದ್ದ ಹಸಿ ತೊಗರಿ ಕಾಳು, ಅವರೆ ಕಾಳು, ಗಜ್ಜರಿ ಹೋಳು ಒಂದೊಂದೇ ಆರಿಸಿ ಬಾಟಲಿ ನೀರಿನಲ್ಲಿ ತೊಳೆದೆ. ಕೊನೆಗೆ ಅದನ್ನೂ ಬದಿಗಿಟ್ಟು ಬ್ಯಾಗಿನಿಂದ ನಿನ್ನ ಡಬ್ಬಿ ತೆಗೆದೆ. ಬೇಯಿಸಿದ ಹೆಸರುಕಾಳು, ಸೌತೆಕಾಯಿ. "ಯಾಕವ್ವ, ಖಾರ ಜಾಸ್ತಿ ಆಗ್ಯಾದೇನು?" ಅಂತ ಆಯಿ ಕೇಳಿದಳು. ಇಲ್ಲ ಅಂದೆ. ನಿನ್ನ ಕಣ್ಣಲ್ಲಿ ನೀರಿತ್ತು. ಆಯಿಗೆ ಕಾಣಲಿಲ್ಲ, ನನಗೆ ಕಂಡಿತು.

ನಿನ್ನ ಕಾಕಾ ಇದನ್ನು ಓದಿದ ಹುಡುಗಿಯ ಸೊಕ್ಕು ಅಂದ. ಅವನಿಗೆ ಅಲ್ಲೇ ಉತ್ತರ ಕೊಟ್ಟೆ. ಸೊಕ್ಕಿದ್ದವರು ಊಟದ ಮುಂದೆ ಕೂತು ಅಳುವುದಿಲ್ಲ. ನೀನು ಹೆದರಿದ್ದೆ.

ಆಮೇಲೆ ನಮ್ಮ ಮೀಟಿಂಗಿಗೆ ಬಂದಿದ್ದ ಡಾಕ್ಟರಮ್ಮನನ್ನು ನಿನ್ನ ಹೆಸರು ಹೇಳದೆ ಕೇಳಿದೆ. ಇದಕ್ಕೆ ಆರ್ಥೊರೆಕ್ಸಿಯಾ ಅಂತಾರೆ, ಶುದ್ಧವಾದದ್ದನ್ನೇ ತಿನ್ನಬೇಕು ಅನ್ನುವ ಗೀಳು ಅಂದರು. ಸ್ಟೀವನ್ ಬ್ರ್ಯಾಟ್‌ಮನ್ ಅನ್ನುವ ಅಮೆರಿಕದ ಡಾಕ್ಟರು 1997ರಲ್ಲಿ ಇಟ್ಟ ಹೆಸರಂತೆ. ಆ ಮೇಲೆ ನಾನೂ ಹುಡುಕಿ ಓದಿದೆ. ಆತ ಡಾಕ್ಟರಾಗುವ ಮೊದಲು ಒಂದು ಆಶ್ರಮದಂಥ ಜಾಗದಲ್ಲಿ ಅಡುಗೆ ಮಾಡುತ್ತಿದ್ದ, ಸಾವಯವ ಬೇಸಾಯ ಮಾಡುತ್ತಿದ್ದ. ನೆಲದಿಂದ ಕಿತ್ತು 15 ನಿಮಿಷ ದಾಟಿದ ತರಕಾರಿ ಮುಟ್ಟುತ್ತಿರಲಿಲ್ಲ. ಒಂದೊಂದು ತುತ್ತನ್ನು 50 ಸಲ ಅಗಿಯುತ್ತಿದ್ದ. ಜೊತೆಗೆ ಉಣ್ಣುವವರೆಲ್ಲ ದೂರವಾದ ಮೇಲೆ ಅವನಿಗೇ ಗೊತ್ತಾಯಿತು, ತನ್ನ ತಲೆಯಲ್ಲಿ ಊಟ ಬಿಟ್ಟು ಬೇರೆ ಏನೂ ಉಳಿದಿಲ್ಲ ಅಂತ. ಅವನು ಹೊರಗೆ ಬಂದ ಅಂತ ಓದಿದಾಗ ನನಗೆ ಎಷ್ಟೋ ಸಮಾಧಾನ ಆಯಿತು.

ಮಾನಸಿಕ ಕಾಯಿಲೆಗಳ ದೊಡ್ಡ ಪಟ್ಟಿಗಳಲ್ಲಿ ಇದಕ್ಕೆ ಪ್ರತ್ಯೇಕ ಜಾಗ ಇನ್ನೂ ಸಿಕ್ಕಿಲ್ಲವಂತೆ. ತಜ್ಞರ ನಡುವೆ ಚರ್ಚೆ ನಡೆದೇ ಇದೆ. ಅದಕ್ಕೆ ನಾನು ನಿನಗೆ ಯಾವ ಕಾಯಿಲೆಯ ಹೆಸರೂ ಹಚ್ಚುವುದಿಲ್ಲ. ಹೆಸರು ಏನಾದರೂ ಇರಲಿ, ನಿನಗೆ ಕಷ್ಟ ಆಗುತ್ತಿರುವುದು ನಿಜ ತಾನೆ? ಸಣ್ಣಗಾಗಬೇಕು ಅಂತ ಊಟ ಬಿಡುವುದು ಬೇರೆ, ಇದು ಬೇರೆ ಅಂತ ಡಾಕ್ಟರಮ್ಮ ಬಿಡಿಸಿ ಹೇಳಿದರು. ಇಲ್ಲಿ ಎಷ್ಟು ತಿಂದೆ ಅನ್ನುವುದಕ್ಕಿಂತ ತಿಂದದ್ದು ಶುದ್ಧವೋ ಅಲ್ಲವೋ ಅನ್ನುವ ಚಿಂತೆ ಜಾಸ್ತಿ. ನಿಯಮ ಒಂದು ಚೂರು ತಪ್ಪಿದರೂ ಏನೋ ಪಾಪ ಮಾಡಿದ ಹಾಗೆ ಅನ್ನಿಸುತ್ತದೆ. ಅದನ್ನು ತೀರಿಸಲು ಮರುದಿನ ಇನ್ನೂ ಬಿಗಿ ನಿಯಮ.

ಕಾಲೇಜು, ಯೂನಿವರ್ಸಿಟಿ ವಯಸ್ಸಿನವರಿಗೆ ಇದು ಯಾಕೆ ಅಂಟಿಕೊಳ್ಳುತ್ತದೆ ಅಂತ ಯೋಚಿಸಿದ್ದೇನೆ. ಮನೆ ಬಿಟ್ಟು ಮೊದಲ ಸಲ ಏನು ತಿನ್ನಬೇಕು ಅಂತ ನೀವೇ ನಿರ್ಧಾರ ಮಾಡಬೇಕು. ಸೆಮಿಸ್ಟರ್ ಪರೀಕ್ಷೆ, ಮುಂದೆ ನೌಕರಿ ಸಿಗುತ್ತೋ ಇಲ್ಲವೋ ಅನ್ನುವ ಚಿಂತೆ, ಇದ್ಯಾವುದೂ ನಿಮ್ಮ ಕೈಯಲ್ಲಿಲ್ಲ. ತಟ್ಟೆಯೊಂದು ಕೈಯಲ್ಲಿದೆ. ಅದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತೀರಿ. ಇನ್ನು ಆ ಫೋನು. "ಹಾಲು ವಿಷ" ಅನ್ನುವ ವಿಡಿಯೋ ಒಂದು ನೋಡಿದರೆ ಸಾಕು, ಅಂಥವೇ ಸಾಲಾಗಿ ಬರುತ್ತವೆ. ಒಬ್ಬ ಹಣ್ಣು ಬೇಡ ಅಂತಾನೆ, ಇನ್ನೊಬ್ಬ ಹಣ್ಣು ಮಾತ್ರ ತಿನ್ನು ಅಂತಾನೆ. ಅವರಲ್ಲಿ ಎಷ್ಟೋ ಜನ ಕೊನೆಗೆ ಮಾರುವುದು ಒಂದು ಪುಡಿ ಡಬ್ಬಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 17 ಸಲಹೆಗಳಿವೆ. ಪ್ರೋಟೀನ್ ಪುಡಿಯ ಆಸೆಗೆ ಬೀಳಬೇಡಿ ಅಂತಲೇ ಅದರಲ್ಲಿ ಇದೆ. ನಾನಾ ಥರದ ಆಹಾರ ತಿನ್ನಿ ಅನ್ನುವುದು ಅದರ ಮೊದಲ ಮಾತು. ಎಣ್ಣೆ ಮಿತವಾಗಿ ಬಳಸಿ ಅಂದಿದ್ದಾರೆ, ಪೂರ್ತಿ ಬಿಡಿ ಅಂದಿಲ್ಲ. ಗಜ್ಜರಿಯಲ್ಲಿರುವ ಎ ವಿಟಮಿನ್ ಅಂಶ ಮೈಗೆ ಹತ್ತಬೇಕಾದರೆ ಸ್ವಲ್ಪ ಎಣ್ಣೆ ಬೇಕೇ ಬೇಕು. ಡಿ, ಇ, ಕೆ ವಿಟಮಿನ್‌ಗಳೂ ಹಾಗೇ.

ಈಗ ನಿನ್ನ ಮೈ ಬಗ್ಗೆ. ಇದನ್ನು ಬರೆಯಲು ಕಷ್ಟ, ಆದರೂ ಬರೆಯುತ್ತೇನೆ. ತಲೆ ಬಾಚುವಾಗ ಹಣಿಗೆ ತುಂಬ ಕೂದಲು ಬಂತು. ಬಿಸಿಲಲ್ಲಿ ಕೂತಿದ್ದರೂ ನಿನ್ನ ಕೈ ತಣ್ಣಗಿತ್ತು. ಮುಟ್ಟು ನಿಂತಿದೆ ಅಂತ ನೀನೇ ಹೇಳಿದೆ, ಓದಿನ ಟೆನ್ಷನ್ ಇರಬೇಕು ಅಂದೆ. ಟೆನ್ಷನ್ನಿಂದಲೂ ಆಗುತ್ತದೆ, ನಿಜ. ಆದರೆ ಬರುವ ಊಟ ಸಾಲದೆ ಹೋದಾಗ ಮೈ ಮೊದಲು ಇಂಥ ಕೆಲಸಗಳನ್ನೇ ನಿಲ್ಲಿಸುತ್ತದೆ. ಮಿದುಳಿನಿಂದ ಹೋಗಬೇಕಾದ ಸೂಚನೆ ಹೋಗುವುದಿಲ್ಲ, ಈಸ್ಟ್ರೋಜನ್ ಇಳಿಯುತ್ತದೆ, ಅದರ ಹಿಂದೆ ಮೂಳೆಯೂ ಸವೆಯುತ್ತದೆ. ನೋಡಲು ತೀರಾ ಸಣಕಲು ಇಲ್ಲದವರಿಗೂ ಹೀಗಾಗಬಹುದು. ಮೂಳೆಗೆ ಗಟ್ಟಿತನ ಬರುವುದು ಹೆಚ್ಚುಕಡಿಮೆ 30ರೊಳಗೆ. ನಿನಗೆ ಈಗ ಅದೇ ಕಾಲ. ರಕ್ತವನ್ನೂ ನೋಡಿಸಬೇಕು. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ಇದು ಇತ್ತು. ಹೊಟ್ಟೆ ತುಂಬ ಉಣ್ಣುವವರಿಗೇ ಬರುತ್ತದೆ ಅಂದ ಮೇಲೆ ನಿನ್ನನ್ನು ನೋಡಿದರೆ ನನಗೆ ಗಾಬರಿ ಆಗದೆ ಇರುತ್ತದಾ?

ಉಣ್ಣಲು ಇಲ್ಲದ ಮಕ್ಕಳನ್ನು ನೋಡಿ ಬುದ್ಧಿ ಕಲಿ ಅಂತ ನಿನ್ನ ಕಾಕಾನ ಹಾಗೆ ನಾನು ಹೇಳುವುದಿಲ್ಲ. ಅಂಥ ಮಕ್ಕಳ ತೂಕ ತಿಂಗಳು ತಿಂಗಳು ಬರೆದುಕೊಳ್ಳುವವಳು ನಾನು. ಅವರ ಹಸಿವೆಯನ್ನು ನಿನ್ನ ಮೇಲೆ ಕಲ್ಲಿನ ಹಾಗೆ ಎಸೆಯಲು ನನಗೆ ಮನಸ್ಸಿಲ್ಲ. ನೀನು ಆಗಲೇ ಸಾಕಷ್ಟು ಬೈದುಕೊಳ್ಳುತ್ತಿದ್ದೀಯ.

ನಮ್ಮ ಜೋಳದ ರೊಟ್ಟಿ, ಅಗಸಿ ಹಿಂಡಿ, ಪುಂಡಿ ಪಲ್ಯ ತಿಂದರೆ ಎಲ್ಲ ಸರಿಹೋಗುತ್ತದೆ ಅಂತ ನಿನ್ನ ಅಪ್ಪ ಹೇಳುತ್ತಾರೆ. ಪ್ರೀತಿಯಿಂದ ಹೇಳುವುದೇ. ನಾನು ಮಾತ್ರ ಅದನ್ನು ಒಪ್ಪುವುದಿಲ್ಲ. ಜೋಳ ಒಳ್ಳೆಯದು, ನಮ್ಮ ಕಲಬುರಗಿ ತೊಗರಿ ಬ್ಯಾಳಿಗೆ ಈ ಊರಿನದೇ ವಿಶೇಷ ಬೆಳೆ ಅನ್ನುವ ಜಿಐ ಪಟ್ಟವೂ ಸಿಕ್ಕಿದೆ. ಆದರೆ ಹಿಂದಿನವರ ಊಟ ಮಾತ್ರ ಶುದ್ಧ, ಉಳಿದದ್ದೆಲ್ಲ ಕಲಬೆರಕೆ ಅಂದರೆ ಅದೂ ನಿನಗೆ ಇನ್ನೊಂದು ನಿಯಮವೇ ಆಗುತ್ತದೆ. ಗೆಳತಿಯ ಹುಟ್ಟುಹಬ್ಬದಲ್ಲಿ ಒಂದು ತುಂಡು ಕೇಕ್ ತಿಂದು ಸುಮ್ನೆ ನಗುತ್ತಾ ರೂಮಿಗೆ ಬಂದು ಮಲಗುವ ಹಾಗಾಗಬೇಕು ನೀನು. ನನಗೆ ಬೇಕಾಗಿರುವುದು ಅಷ್ಟೇ.

ಗೆಳತಿಯರು ಅಂದೆ ನೋಡು, ನನಗೆ ಜಾಸ್ತಿ ಸಂಕಟ ಕೊಡುವುದು ಅದೇ. ಶರಣಬಸವೇಶ್ವರ ಗುಡಿಗೆ ಎಲ್ಲರೂ ಹೋದಾಗ ಅವರು ದಾಸೋಹದಲ್ಲಿ ಉಣ್ಣಲು ಕೂತರು, ನೀನು ಒಬ್ಬಳೇ ಹೊರಗೆ ಕೆರೆ ಹತ್ತಿರ ಕೂತಿದ್ದೆ ಅಂತ ನೀನೇ ಹೇಳಿದೆ. ಈಗ ಅವರು ಕರೆಯುವುದನ್ನೂ ಬಿಟ್ಟಿದ್ದಾರೆ ಅಂದೆ. ಚಿಕ್ಕವಳಿದ್ದಾಗ ಯಾರ ಮನೆಗೆ ಹೋದರೂ ಅಲ್ಲಿಯ ಅಡುಗೆಮನೆಯಲ್ಲೇ ಇರುತ್ತಿದ್ದವಳು ನೀನು.

ನಾಳೆಯಿಂದಲೇ ಎಲ್ಲ ತಿನ್ನು ಅಂತ ಹೇಳುತ್ತಿಲ್ಲ. ಹಾಗೆ ಆಗುವುದೂ ಇಲ್ಲ. ಬಿಟ್ಟಿದ್ದರಲ್ಲಿ ನಿನಗೆ ಎಲ್ಲಕ್ಕಿಂತ ಕಡಿಮೆ ಹೆದರಿಕೆ ಯಾವುದರದ್ದೋ ಅದನ್ನು ಮೊದಲು ಶುರು ಮಾಡೋಣ, ಅದೂ ಡಾಕ್ಟರನ್ನು ಕೇಳಿಯೇ. ಊಟ ಎಷ್ಟು, ಯಾವುದು ಅನ್ನುವುದನ್ನು ಆಹಾರ ತಜ್ಞರು ಹೇಳುತ್ತಾರೆ. ಹೆದರಿಕೆಗೆ ಮನೋವೈದ್ಯರು ಇದ್ದಾರೆ. ಮನೋವೈದ್ಯರ ಹತ್ತಿರ ಹೋದರೆ ಜನ ಏನಂತಾರೆ ಅನ್ನುವ ಚಿಂತೆ ನನಗಿಲ್ಲ. ನಿನಗೂ ಬೇಡ. ಅಲ್ಲಿಯವರೆಗೆ ರಾತ್ರಿ ಹೊತ್ತು ತಲೆ ಬಿಸಿಯಾದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ ಸರ್ಕಾರದ್ದು, ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮನೆಗೆ ಬಂದಾಗ ನಿನ್ನ ತಟ್ಟೆ ಬಗ್ಗೆ ಯಾರೂ ಮಾತಾಡುವುದಿಲ್ಲ. ಕಾಕಾನಿಗೂ ಹೇಳಿದ್ದೇನೆ. ಸಣ್ಣಗಾಗಿದ್ದೀಯ, ದಪ್ಪಗಾಗಿದ್ದೀಯ ಅನ್ನುವ ಮಾತು ನಮ್ಮ ಮನೆಯಲ್ಲಿ ಇನ್ನು ಇಲ್ಲ.

ಬರುವ ಸೋಮವಾರ ರಜೆ ಹಾಕಿದ್ದೇನೆ. ಸೇಡಂನಿಂದ ಬೆಳಗಿನ ಬಸ್ಸಿಗೇ ಹೊರಡುತ್ತೇನೆ. ಕಲಬುರಗಿಯ ಜಿಮ್ಸ್ ಸರ್ಕಾರಿ ಆಸ್ಪತ್ರೆಗೆ ಇಬ್ಬರೂ ಹೋಗೋಣ. ಮೊದಲು ರಕ್ತ ಪರೀಕ್ಷೆ, ಆಮೇಲೆ ಡಾಕ್ಟರು ಹೇಳಿದ ಹಾಗೆ. ಏನು ತಿಂದೆ ಅಂತ ದಿನಾ ಬರೆಯುತ್ತೀಯಲ್ಲ, ಆ ನೋಟ್‌ಬುಕ್ ಜೊತೆಗೆ ತೆಗೆದುಕೊಂಡು ಬಾ. ಅದನ್ನು ನಾನು ಓದುವುದಿಲ್ಲ, ಡಾಕ್ಟರಿಗೆ ಬೇಕಾಗಬಹುದು. ಸೋಮವಾರ ಕ್ಲಾಸ್ ತಪ್ಪಿಸಲು ಆಗುವುದಿಲ್ಲ ಅಂದರೆ ಯಾವ ದಿನ ಆಗುತ್ತದೆ ಅಂತ ತಿಳಿಸು, ರಜೆ ಬದಲಾಯಿಸಿಕೊಳ್ಳುತ್ತೇನೆ.

ನಿನ್ನ ಅವ್ವ